ಮೂರು ಒಬ್ಬಟ್ಟಿಗೆ ಇಷ್ಟು ಶಿಕ್ಷೆ ಯಾಕೆ?

ಅರಸೀಕೆರೆ ಕಡೆಯ ಓದುಗರೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ವಯಸ್ಸು 54. ಎರಡು ವರ್ಷದ ಹಿಂದೆ ಶುಗರ್ ಬಂತು. ಹೊತ್ತಿಗೆ ಎರಡು ಮುದ್ದೆ ಉಣ್ಣುತ್ತಿದ್ದವರಿಗೆ ಡಾಕ್ಟರು ಒಂದೇ, ಅದೂ ಚಿಕ್ಕದು ಎಂದರು. ಹಾಗೇ ನಡೆಸಿಕೊಂಡು ಬಂದರು. ಮೊನ್ನೆ ತಂಗಿ ಮನೆ ಗೃಹಪ್ರವೇಶದಲ್ಲಿ ತುಪ್ಪ ಹಾಕಿಸಿಕೊಂಡು ಮೂರು ಒಬ್ಬಟ್ಟು ತಿಂದರು. ಮಾರನೇ ದಿನ ಪೂರ್ತಿ ಉಪವಾಸ. ರಾತ್ರಿ ಎಲ್ಲರೂ ಮಲಗಿದ ಮೇಲೆ ಲೈಟೂ ಹಾಕದೆ, ತಂಗಿ ಕಟ್ಟಿಕೊಟ್ಟಿದ್ದ ಒಬ್ಬಟ್ಟನ್ನೂ ತಿಂದು ಮುಗಿಸಿದರು. 'ನನ್ನ ನಾಲಿಗೆಗೆ ನಾಚಿಕೆ ಇಲ್ಲ ಸಾರ್, ಮನಸ್ಸು ಗಟ್ಟಿ ಮಾಡಿಕೊಳ್ಳೋಕೆ ದಾರಿ ಹೇಳಿ' ಎಂದು ಕೇಳಿದ್ದಾರೆ.

ಅಕ್ಕಾ, ಆ ದಾರಿ ನಾನು ಹೇಳುವುದಿಲ್ಲ. ಹುಟ್ಟಿದಾಗಿನಿಂದ ಉಂಡುಕೊಂಡು ಬಂದ ಊಟವನ್ನು ಅರ್ಧಕ್ಕೆ ಇಳಿಸಿದವರು ನೀವು. ಆ ಬಗ್ಗೆ ನಾಲ್ಕು ಪುಟದಲ್ಲಿ ಒಂದೇ ಸಾಲು, ಮಿಕ್ಕಿದ್ದೆಲ್ಲ ಒಬ್ಬಟ್ಟಿನ ಮೇಲೆ! ಇದು ನ್ಯಾಯವಾ?

ಶುಗರ್ ಹುಡುಗಾಟದ ವಿಷಯ ಅಲ್ಲ, ಕಣ್ಣು, ಕಿಡ್ನಿ, ಕಾಲು ಯಾವುದನ್ನೂ ಬಿಡುವುದಿಲ್ಲ. ಮಾತ್ರೆ ತಪ್ಪಿಸಬಾರದು, ಅಳತೆ ಬೇಕು, ನಿಮ್ಮ ಡಾಕ್ಟರು ಹೇಳಿದ್ದು ಸರಿ. ಒಪ್ಪಿದೆ. ಆದರೆ ನನಗೆ ಹೆದರಿಕೆಯಾದದ್ದು ಆ ಉಪವಾಸದ ಸಾಲು ಓದಿ. ಕೆಲವು ಮಾತ್ರೆ ನುಂಗಿ ಹೊಟ್ಟೆ ಖಾಲಿ ಬಿಟ್ಟರೆ ಶುಗರ್ ಪಟ್ಟನೆ ಇಳಿದು ತಲೆ ಸುತ್ತಿ ಬೀಳುತ್ತೀರಿ. ಎಚ್‌ಬಿಎ1ಸಿ ಎಂಬ ರಕ್ತದ ಟೆಸ್ಟ್ ಎರಡು ಮೂರು ತಿಂಗಳ ಶುಗರಿನ ಸರಾಸರಿ ತೋರಿಸುತ್ತದೆ, ಒಂದು ಮಧ್ಯಾಹ್ನದ ಊಟ ಅದನ್ನು ಬುಡಮೇಲು ಮಾಡುವುದಿಲ್ಲ.

ರಾತ್ರಿ ಎದ್ದು ತಿಂದದ್ದಕ್ಕೆ ನಾಲಿಗೆಯನ್ನು ಬೈಯಬೇಡಿ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ಪರೀಕ್ಷೆ ಮಾಡಿದರು. ಅವರು ಯಾರು ಗೊತ್ತಾ? ನಾವು ಯುದ್ಧ ಮಾಡಲ್ಲ ಎಂದು ಪಟ್ಟು ಹಿಡಿದವರು. ಮನಸ್ಸು ಗಟ್ಟಿ ಎಂದರೆ ಅದಲ್ವಾ? ಅಂಥವರೇ ಹಗಲೂ ರಾತ್ರಿ ಊಟದ್ದೇ ಧ್ಯಾನ ಮಾಡಿದರು, ಅಡುಗೆ ಪುಸ್ತಕ ಹಿಡಿದು ಕೂತರು, ಕೆಲವರು ಕದ್ದು ತಿಂದರು, ಮತ್ತೆ ಹೊಟ್ಟೆ ತುಂಬ ಬಡಿಸಿದಾಗ ಎಷ್ಟು ತಿಂದರೂ ಸಾಕು ಅನ್ನಿಸಲಿಲ್ಲ. ಹಸಿದ ಮೈ ಮಾಡುವುದೇ ಅದು.

2007ರಲ್ಲಿ ಕ್ಲೇರ್ ಆಡಮ್ಸ್, ಮಾರ್ಕ್ ಲಿಯರಿ ಎಂಬಿಬ್ಬರು ಪ್ರಕಟಿಸಿದ ಅಧ್ಯಯನವನ್ನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ಕಾಲೇಜು ಹುಡುಗಿಯರಿಗೆ ಮೊದಲು ಡೋನಟ್ ತಿನ್ನಿಸಿದರು. ಕೆಲವರಿಗೆ ಮಾತ್ರ, 'ಎಲ್ಲರೂ ಇದನ್ನು ತಿಂತಾರೆ, ಬೇಜಾರು ಮಾಡ್ಕೋಬೇಡಿ' ಎಂಬಂಥ ಮಾತು ಹೇಳಿದರು. ಆಮೇಲೆ ಎದುರಿಗೆ ಮಿಠಾಯಿ ಇಟ್ಟರು. ಊಟ ಕಟ್ಟುನಿಟ್ಟು ಮಾಡಿಕೊಂಡು ಒಳಗೇ ಕೊರಗುತ್ತಿದ್ದ ಹುಡುಗಿಯರಲ್ಲಿ, ಆ ಮಾತು ಕೇಳಿದವರು ಕಡಿಮೆ ತಿಂದರು. ಕೇಳದವರು ಜಾಸ್ತಿ ತಿಂದರು.

ನಮ್ಮ ಮನೆಗಳಲ್ಲಿ ಆ ಒಂದು ಮಾತು ಹೇಳುವವರು ಯಾರಿದ್ದಾರೆ? ನಮ್ಮ ದೊಡ್ಡಮ್ಮ ಒಂದು ಮದುವೆಯಲ್ಲಿ ಪಂಕ್ತಿಗೆ ಕೂತಿದ್ದರು. ಬಡಿಸುವವನು ಒಬ್ಬಟ್ಟಿನ ತಟ್ಟೆ ತಂದು ಬಗ್ಗುವುದರೊಳಗೆ ಮಗ ಆಚೆ ಸಾಲಿನಿಂದಲೇ, 'ಅವ್ರಿಗೆ ಹಾಕ್ಬೇಡಿ, ಶುಗರ್ರು' ಎಂದು ಕೂಗಿದ. ಇಡೀ ಸಾಲು ತಿರುಗಿ ನೋಡಿತು. ದೊಡ್ಡಮ್ಮ ಎಲೆಗೆ ಎರಡೂ ಕೈ ಅಡ್ಡ ಹಿಡಿದು, ಬೇಡಪ್ಪ, ನನಗೆ ಸೇರಲ್ಲ ಎಂದರು. ಅವತ್ತು ರಾತ್ರಿ ಉಗ್ರಾಣದಲ್ಲಿ ನಿಂತು ಬೆಲ್ಲದ ಅಚ್ಚು ಒಡೆದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನನ್ನನ್ನು ನೋಡಿ ಸೆರಗಲ್ಲಿ ಕೈ ಒರೆಸಿಕೊಂಡರು.

'ಊಟ ಬಲ್ಲವನಿಗೆ ರೋಗವಿಲ್ಲ' ಎಂಬ ಗಾದೆ ಕೇಳಿದರೆ ನನಗೆ ಈಗೀಗ ಸಿಟ್ಟು ಬರುತ್ತದೆ. ಹಾಗಾದರೆ ರೋಗ ಬಂದವರಿಗೆಲ್ಲ ಉಣ್ಣಲು ಬರಲ್ವಾ? 2023ರಲ್ಲಿ ಹೊರಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನಕ್ಕೆ ಶುಗರ್ ಇದೆ. ವಂಶ, ವಯಸ್ಸು, ಕೂತು ಮಾಡುವ ಕೆಲಸ ಎಲ್ಲ ಸೇರಿ ಬರುವ ಕಾಯಿಲೆಯನ್ನು ಒಬ್ಬ ಹೆಂಗಸಿನ ನಾಲಿಗೆಗೆ ಕಟ್ಟುತ್ತೇವೆ. ಮನೆ ಮಂದಿಗೆಲ್ಲ ಬೇಳೆ ಬೇಯಿಸಿ, ಹೂರಣ ರುಬ್ಬಿ, ಒಬ್ಬಟ್ಟು ತಟ್ಟಿ ಬೇಯಿಸುವವರು ಅವರೇ. ಮಿಕ್ಕ ಅನ್ನ ಚೆಲ್ಲಬಾರದು ಎಂದು ಕೊನೆಗೆ ಉಣ್ಣುವವರೂ ಅವರೇ. ಅವರು ತಿಂದದ್ದನ್ನು ಎಣಿಸಲು ಮಾತ್ರ ಮನೆಯವರೆಲ್ಲ ರೆಡಿ! ಸಾಲದ್ದಕ್ಕೆ ಸಿರಿಧಾನ್ಯ ತಿಂದರೆ ಶುಗರ್ ಓಡಿಹೋಗುತ್ತದೆ ಎಂಬ ವಾಟ್ಸಾಪ್ ಉಪದೇಶ. ನವಣೆ ಒಳ್ಳೆಯದೇ, ಆದರೆ ಅದರಲ್ಲೂ ಹಿಟ್ಟಿನಂಶವೇ ಜಾಸ್ತಿ, ಅದಕ್ಕೂ ಅಳತೆ ಬೇಕು ಎಂದು ಆ ಮೆಸೇಜುಗಳಲ್ಲಿ ಇರುವುದಿಲ್ಲ.

ಅಕ್ಕಾ, ಎರಡು ಮುದ್ದೆ ಉಂಡು ಹೊಲಕ್ಕೆ ಹೋಗುತ್ತಿದ್ದ ಮೈ ಬೇರೆ, ಈಗಿನ ಮೈ ಬೇರೆ. ಅದಕ್ಕೆ ದುಃಖ ಆಗುತ್ತೆ, ಆಗಲಿ, ಮುದ್ದೆ ಎಂದರೆ ನಮಗೆ ಸುಮ್ನೆ ಹಿಟ್ಟಲ್ಲವಲ್ಲ. ಬಸ್ಸಾರಿನ ಸೊಪ್ಪು ಕಾಳಿನ ಪಲ್ಯ ಮೊದಲು ತಿಂದು ಆಮೇಲೆ ಆ ಚಿಕ್ಕ ಮುದ್ದೆ ಉಣ್ಣಿ, ಉಂಡ ಮೇಲೆ ಒಂದು ಸುತ್ತು ಓಡಾಡಿ, ಶುಗರ್ ಅಷ್ಟು ಏರುವುದಿಲ್ಲ. ಹಬ್ಬ ಬಂದರೆ ಒಂದು ಒಬ್ಬಟ್ಟನ್ನು ಎಲ್ಲರ ಜೊತೆ ಕೂತು, ಲೈಟ್ ಹಾಕಿಕೊಂಡು ತಿನ್ನಿ. ಎರಡಾಯಿತಾ? ಮಾರನೇ ದಿನ ಹೊತ್ತಿಗೆ ಸರಿಯಾಗಿ ತಿಂಡಿ ತಿನ್ನಿ.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಉಪವಾಸದ್ದು, ರಾತ್ರಿ ತಿಂದದ್ದು ಎರಡನ್ನೂ ಹೇಳಿ. ಬಾಯಲ್ಲಿ ಹೇಳಲು ಸಂಕೋಚವಾದರೆ ನನಗೆ ಬರೆದ ಹಾಗೆ ಬರೆದುಕೊಂಡು ಹೋಗಿ ಕೊಡಿ. ಅದನ್ನು ಓದಿ ಬೈಯುವ ಡಾಕ್ಟರಾದರೆ ಬೇರೆಯವರನ್ನು ಹುಡುಕಿ.