ಕಸ್ಟಮರ್ ಕೇರ್‌ಗೆ ಎಷ್ಟು ಫೋನ್ ಮಾಡಿದರೂ ಕೆಲಸ ಆಗುತ್ತಿಲ್ಲ, ಏನು ಮಾಡಲಿ?

ಎಂಟು ತಿಂಗಳ ಹಿಂದೆ ಕೊಂಡ ವಾಷಿಂಗ್ ಮೆಷಿನ್ ನಿಂತುಹೋಗಿದೆ, ಆರು ವಾರದಿಂದ ಫೋನ್ ಮಾಡುತ್ತಿದ್ದೀರಿ, ಮನೆಗೆ ಯಾರೂ ಬರದಿದ್ದರೂ ‘ನಿಮ್ಮ ದೂರು ಬಗೆಹರಿದಿದೆ’ ಅಂತ ಮೆಸೇಜ್ ಬರುತ್ತಿದೆ ಅಂತ ಬರೆದಿದ್ದೀರಿ. ಇನ್ನೂ ಸ್ವಲ್ಪ ಜೋರು ಮಾಡಿದರೆ ಕೆಲಸ ಆಗುತ್ತಾ ಅನ್ನುವುದು ನಿಮ್ಮ ಪ್ರಶ್ನೆ.

ಆಗುವುದಿಲ್ಲ. ನಾನು ಜೋರು ಮಾಡಿ ನೋಡಿದ್ದೇನೆ.

ನಮ್ಮ ಮನೆಯ ಫ್ರಿಜ್ ವರ್ಷ ತುಂಬುವ ಮೊದಲೇ ತಂಪಾಗುವುದನ್ನು ನಿಲ್ಲಿಸಿತ್ತು. ಅತ್ತೆಗೆ ಶುಗರ್ ಇದೆ. ಅವರ ಇನ್ಸುಲಿನ್ ಪಕ್ಕದ ಮನೆಯ ಫ್ರಿಜ್‌ನಲ್ಲಿತ್ತು. ದಿನಕ್ಕೆ ಎರಡು ಸಲ ಅವರ ಬಾಗಿಲು ತಟ್ಟಬೇಕು. ಆ ಸಂಕೋಚ, ಆ ಸಿಟ್ಟು ಎಲ್ಲವನ್ನೂ ನಾನು ಫೋನ್ ಎತ್ತಿದ ಹುಡುಗಿಯ ಮೇಲೆ ತೀರಿಸಿಕೊಂಡೆ. ಅವಳು ಕೊನೆಗೆ ಮೆತ್ತಗೆ ಹೇಳಿದಳು: “ಮೇಡಂ, ನನ್ನ ಸ್ಕ್ರೀನ್‌ನಲ್ಲಿ ದೂರು ಬರೆದುಕೊಳ್ಳೋದು ಬಿಟ್ಟು ಬೇರೆ ಏನೂ ಮಾಡೋಕೆ ಆಗಲ್ಲ.” ಅವಳು ಹೇಳಿದ್ದು ನಿಜ. ಫ್ರಿಜ್ ಬದಲಾಯಿಸುವ ಅಧಿಕಾರ ಇರುವವರು ಆ ಫೋನ್ ಎತ್ತುವುದೇ ಇಲ್ಲ. ಅವರ ಟೇಬಲ್‌ಗೆ ಹೋಗುವುದು ಬರೆದದ್ದು ಮಾತ್ರ.

ಹಾಗಾಗಿ ಫೋನ್ ನಿಲ್ಲಿಸಿ, ಬರೆಯಲು ಕೂತೆ. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಮೂರು ಸಲ ಮೂರು ಟೆಕ್ನಿಷಿಯನ್‌ಗಳು ಬಂದು ಜಾಬ್ ಶೀಟ್ ಕೊಟ್ಟು ಹೋಗಿದ್ದರು. ಒಂದರಲ್ಲಿ ‘ಗ್ಯಾಸ್ ಲೀಕ್’, ಇನ್ನೊಂದರಲ್ಲಿ ‘ಕಂಪ್ರೆಸರ್ ದೋಷ’, ಮೂರನೆಯದರಲ್ಲಿ ‘ಯಾವ ದೋಷವೂ ಇಲ್ಲ’. ಅವರದೇ ಕಾಗದಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ! ಅಲ್ಲಿಯವರೆಗೆ ನಾನು ‘ನಿಮ್ಮವರು ಸರಿಯಾಗಿ ಮಾತಾಡಲ್ಲ, ಸಮಯಕ್ಕೆ ಬರಲ್ಲ’ ಅಂತ ಹೇಳುತ್ತಾ ಬಂದಿದ್ದೆ. ಅದಕ್ಕೆ ‘ಕ್ಷಮಿಸಿ’ ಅಂದರೆ ಮುಗಿಯಿತು. ಮೂರು ಜಾಬ್ ಶೀಟ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ಫೋಟೋ ತೆಗೆದು ಕಳಿಸಿದರೆ ಅವರು ಉತ್ತರ ಕೊಡಲೇಬೇಕು.

ನಿಮ್ಮ ಹತ್ತಿರವೂ ಅಂಥ ಸಾಕ್ಷಿ ಇದೆ. ಯಾರೂ ಬರದೆ ‘ಬಗೆಹರಿದಿದೆ’ ಅಂತ ಬಂದ ಆ ಮೆಸೇಜ್‌ಗಳನ್ನು ಅಳಿಸಬೇಡಿ. ಒಂದೊಂದರದ್ದೂ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಇನ್ನೊಂದು ಮಾತು. ಈಗ ಬಹಳ ಕಡೆ ಟೆಕ್ನಿಷಿಯನ್ ಕೆಲಸ ಮುಗಿಸಿದ ಮೇಲೆ ನಿಮ್ಮ ಫೋನ್‌ಗೆ ಒಂದು ಓಟಿಪಿ ಬರುತ್ತದೆ. ಅದನ್ನು ಕೊಟ್ಟರೆ ದೂರು ಮುಚ್ಚಿಹೋಗುತ್ತದೆ. ‘ಪಾರ್ಟ್ ತರಿಸ್ತೀನಿ, ಈಗ ಓಟಿಪಿ ಕೊಡಿ’ ಅಂದರೆ ದಯವಿಟ್ಟು ಕೊಡಬೇಡಿ. ಮೆಷಿನ್ ಒಂದು ಸಲ ಪೂರ್ತಿ ಓಡಿ, ಬಟ್ಟೆ ಹಿಂಡಿ ನಿಂತ ಮೇಲೆ ಕೊಡಿ.

ಕಂಪನಿಗೆ ಬರೆಯುವ ಇ-ಮೇಲ್ ಒಂದು ಪುಟ ದಾಟಬಾರದು. ಮೊದಲ ಸಾಲಿನಲ್ಲೇ ಮಾಡೆಲ್, ಸೀರಿಯಲ್ ನಂಬರ್, ಬಿಲ್ ತಾರೀಖು. ಆಮೇಲೆ ಯಾವ ದಿನ ದೂರು ಕೊಟ್ಟಿರಿ, ದೂರಿನ ನಂಬರ್ ಏನು, ಏನಾಯಿತು ಅನ್ನುವುದು, ಒಂದೊಂದಕ್ಕೆ ಒಂದೊಂದು ಸಾಲು. ಸಿಟ್ಟಿನ ಮಾತು ಬೇಡ. ಆದರೆ ತೊಂದರೆ ಏನು ಅಂತ ಒಂದು ಸಾಲು ಇರಲಿ. ನಾನು ಇನ್ಸುಲಿನ್ ವಿಷಯ ಬರೆದಿದ್ದೆ. ಕೊನೆಯಲ್ಲಿ ನಿಮಗೆ ಬೇಕಾದದ್ದು ಒಂದೇ ಒಂದು. ರಿಪೇರಿಯೋ, ಬದಲಿ ಮೆಷಿನ್ನೋ, ಹಣ ವಾಪಸ್ಸೋ? ‘ಏನಾದರೂ ಮಾಡಿ’ ಅಂತ ಬರೆದರೆ ಅವರು ಏನೂ ಮಾಡುವುದಿಲ್ಲ. ‘ಇಂಥ ತಾರೀಖಿನ ಒಳಗೆ ಮೆಷಿನ್ ಬದಲಾಯಿಸಿ ಕೊಡಿ, ಇಲ್ಲವಾದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ’ ಅಂತ ಬರೆಯಿರಿ. ಹತ್ತೋ ಹದಿನೈದೋ ದಿನ ಕೊಡಿ. ಅಂಗಡಿಯವರಿಗೂ ಒಂದು ಪ್ರತಿ ಹೋಗಲಿ. ‘ಅದು ಕಂಪನಿ ಕೆಲಸ, ನಮಗೆ ಸಂಬಂಧ ಇಲ್ಲ’ ಅಂತ ಅವರು ಅನ್ನಬಹುದು. ಅನ್ನಲಿ, ಪ್ರತಿ ಕಳಿಸಿ.

ಆನ್‌ಲೈನ್‌ನಲ್ಲಿ ಕೊಂಡಿದ್ದರೆ ನಿಮ್ಮ ಕೈ ಇನ್ನೂ ಗಟ್ಟಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅಂಥ ತಾಣಗಳು ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ವಿವರವನ್ನು ತಾಣದಲ್ಲೇ ಹಾಕಿರಬೇಕು. ದೂರು ತಲುಪಿದೆ ಅಂತ ಆ ಅಧಿಕಾರಿ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಮೇಲ್ ನೇರವಾಗಿ ಅವರಿಗೇ ಹೋಗಲಿ.

ಫೇಸ್‌ಬುಕ್, ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ಹಾಕಿ ಅಂತ ಜನ ಹೇಳುತ್ತಾರೆ. ಕೆಲವೊಮ್ಮೆ ಕೆಲಸ ಆಗುತ್ತದೆ. ಆದರೆ ಅಲ್ಲಿ ಫೋನ್ ನಂಬರ್ ಹಾಕಲೇಬೇಡಿ. ಕಂಪನಿ ಹೆಸರಿನಲ್ಲಿ ನಕಲಿ ಖಾತೆ ಇಟ್ಟುಕೊಂಡು ಕಾಯುವ ಕಳ್ಳರಿದ್ದಾರೆ. ಗೂಗಲ್‌ನಲ್ಲಿ ಸಿಗುವ ಕಸ್ಟಮರ್ ಕೇರ್ ನಂಬರ್‌ಗಳಲ್ಲೂ ಮೋಸದವು ಇರುತ್ತವೆ. ಬಿಲ್ ಅಥವಾ ವಾರಂಟಿ ಕಾರ್ಡ್ ಮೇಲಿರುವ ನಂಬರ್ ಮಾತ್ರ ನಂಬಿ.

ಕೊಟ್ಟ ಗಡುವು ಮುಗಿದರೆ 1915ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅವರು ಕಂಪನಿಗೆ ಆದೇಶ ಮಾಡಲಾರರು, ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತಾರೆ. ಸುಮ್ನೆ ಫೋನ್ ಮಾಡಿ ಗೋಳು ಹೇಳಿಕೊಂಡರೆ ಸಾಲದು. ಆ ಒಂದು ಪುಟ ನಿಮ್ಮ ಮುಂದೆ ಇರಲಿ.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಕೋರ್ಟು ಅಂದ ಕೂಡಲೇ ನಮ್ಮವರು ಹಿಂದೆ ಸರಿಯುತ್ತಾರೆ, ನನಗೆ ಇದರ ಬಗ್ಗೆ ತುಂಬಾ ಬೇಜಾರಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಂಪನಿ ಎಲ್ಲೇ ಇರಲಿ, ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಹಾಕಬಹುದು. ನೀವು ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಒಳಗಿದ್ದರೆ ಶುಲ್ಕವೇ ಇಲ್ಲ. ವಕೀಲರನ್ನು ಇಡಲೇಬೇಕು ಅಂತಲೂ ಇಲ್ಲ. ದೂರು ಹಾಕಲು ಕಾರಣವಾದ ದಿನದಿಂದ 2 ವರ್ಷ ಸಮಯ ಇರುತ್ತದೆ. ಬೇಗ ಮುಗಿಯುತ್ತದೆ ಅಂತ ನಾನು ಹೇಳುವುದಿಲ್ಲ, ಓಡಾಟ ಇದೆ. ಆದರೆ ಬಹಳ ಕಂಪನಿಗಳು ಅಲ್ಲಿವರೆಗೆ ಹೋಗಲು ಇಷ್ಟಪಡುವುದಿಲ್ಲ.

ನನ್ನದು ಅಲ್ಲಿವರೆಗೆ ಹೋಗಲಿಲ್ಲ. ಮೇಲ್ ಕಳಿಸಿದ ನಾಲ್ಕನೇ ದಿನ ಸರ್ವಿಸ್ ಮ್ಯಾನೇಜರ್ ಅವರೇ ಫೋನ್ ಮಾಡಿದರು. ಮೊದಲು ಕೇಳಿದ್ದೇ ಆ ಮೂರು ಜಾಬ್ ಶೀಟ್‌ಗಳ ಬಗ್ಗೆ. ಎರಡನೇ ವಾರ ಬೇರೆ ಫ್ರಿಜ್ ಬಂತು.

ನಿಮ್ಮ ವಾರಂಟಿ ಒಂದು ವರ್ಷದ್ದಾದರೆ ಇನ್ನು ಜಾಸ್ತಿ ದಿನ ಉಳಿದಿಲ್ಲ, ಅಲ್ವಾ? ಅದು ಮುಗಿಯುವ ಮೊದಲೇ ದೂರು ಬರಹದಲ್ಲಿ ಹೋಗಿರಬೇಕು. ಇವತ್ತು ರಾತ್ರಿಯೇ ಬಿಲ್ ಹುಡುಕಿ ಇಡಿ. ಮೇಲ್ ಬರೆದು ಎಲ್ಲಾದರೂ ತಡವರಿಸಿದರೆ, ಹೆಸರು ನಂಬರ್ ತೆಗೆದು ಇಲ್ಲಿ ಹಾಕಿ. ಓದಿ ತಿದ್ದಿ ಕೊಡುತ್ತೇನೆ.