ಕೊಣಾಜೆಗೆ ಮನೆಯಿಂದ ಓಡಾಟವೇ, ಹಾಸ್ಟೆಲ್ಲೇ?

ಪ್ರಶ್ನೆ: ನನ್ನ ಮಗಳಿಗೆ ಕೊಣಾಜೆಯಲ್ಲಿರುವ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಎಂ.ಎಸ್ಸಿ. ರಸಾಯನಶಾಸ್ತ್ರಕ್ಕೆ ಸೀಟು ಸಿಕ್ಕಿದೆ. ಶಕ್ತಿ ಯೋಜನೆಯಿಂದಾಗಿ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ, ಆದ್ದರಿಂದ ಮನೆಯಿಂದಲೇ ಹೋಗಿಬರಲಿ ಎಂಬುದು ನನ್ನ ಅಭಿಪ್ರಾಯ. ಅವಳು ಹಾಸ್ಟೆಲ್ ಬೇಕೆನ್ನುತ್ತಾಳೆ. ಪೇಟೆಯಿಂದ ದೂರದ ಆ ಗುಡ್ಡದ ಮೇಲೆ ಅವಳನ್ನು ಬಿಡಲು ನನಗೆ ಅಳುಕು. ಏನು ಮಾಡಲಿ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ. ಆದರೂ ಹಾಸ್ಟೆಲ್ಲಿಗೇ ಸೇರಿಸಿ ಎಂದು ಹೇಳುತ್ತೇನೆ. ಬ್ರಹ್ಮಾವರದಿಂದ ಕೊಣಾಜೆಗೆ ಸುಮಾರು 90 ಕಿಲೋಮೀಟರು. ಹೆದ್ದಾರಿಯಲ್ಲಿ ಮಂಗಳೂರಿನವರೆಗೆ ಸರಕಾರಿ ಬಸ್ಸು ಸಿಕ್ಕೀತು. ಅಲ್ಲಿಂದ ತೊಕ್ಕೊಟ್ಟು, ದೇರಳಕಟ್ಟೆ ಮಾರ್ಗವಾಗಿ ಇನ್ನೊಂದು ಬಸ್ಸು ಹಿಡಿಯಬೇಕು, ನಮ್ಮ ಕಡೆಯ ಬಸ್ಸುಗಳಲ್ಲಿ ಖಾಸಗಿಯವೇ ಹೆಚ್ಚೆಂಬುದು ನಿಮಗೂ ಗೊತ್ತು. ಹೋಗಿಬರಲು ದಿನಕ್ಕೆ ಐದಾರು ಗಂಟೆ ಬಸ್ಸಿನಲ್ಲೇ ಕಳೆದರೆ, ಜೂನ್, ಜುಲೈ ತಿಂಗಳ ಮಳೆಯಲ್ಲಿ ನೆನೆದು ಮನೆ ಸೇರಿದ ಹುಡುಗಿ ಪುಸ್ತಕ ತೆರೆಯುವುದು ಯಾವಾಗ?

ಖರ್ಚಿಗಿಂತ ದೊಡ್ಡ ಮಾತು ಇನ್ನೊಂದಿದೆ. ರಸಾಯನಶಾಸ್ತ್ರದ ಪ್ರಯೋಗಗಳು ಬಸ್ಸಿನ ವೇಳೆಗೆ ಸರಿಯಾಗಿ ಮುಗಿಯುವುದಿಲ್ಲ, ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಬಂದಾಗಲಂತೂ ಪ್ರಯೋಗಾಲಯವೇ ಮನೆಯಾಗಬೇಕಾಗುತ್ತದೆ. ತರಗತಿ ಮುಗಿದ ಬಳಿಕ ಗ್ರಂಥಾಲಯದಲ್ಲಿ ಕುಳಿತುಕೊಳ್ಳುವುದು, ಹಿರಿಯ ಸಂಶೋಧನಾರ್ಥಿಗಳನ್ನು ಸಂಕೋಚವಿಲ್ಲದೆ ಪ್ರಶ್ನಿಸುವುದು, ಕನ್ನಡ ವಿಭಾಗದವರ ವಿಚಾರಸಂಕಿರಣವನ್ನೋ ಯಕ್ಷಗಾನ ಅಧ್ಯಯನ ಕೇಂದ್ರದ ಕಾರ್ಯಕ್ರಮವನ್ನೋ ವಿಜ್ಞಾನದ ವಿದ್ಯಾರ್ಥಿನಿಯಾಗಿಯೂ ಹೋಗಿ ಕೇಳುವುದು, ಇವೆಲ್ಲ ಅಲ್ಲೇ ಉಳಿದವರಿಗೆ ಮಾತ್ರ ದಕ್ಕುವಂಥವು. ನಾಲ್ಕೂಮುಕ್ಕಾಲರ ಬಸ್ಸಿಗಾಗಿ ಗಡಿಯಾರ ನೋಡುತ್ತಿರುವವರಿಗೆ ಸಿಗುವುದು ಪಾಠವಷ್ಟೇ.

ದೂರದ ಮಾತಿಗೆ ಬಂದರೆ, 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಇಲ್ಲಿ ಸ್ನಾತಕೋತ್ತರ ಕೇಂದ್ರವನ್ನು ತೆರೆದು, ಪ್ರೊ. ಎಸ್.ವಿ. ಪರಮೇಶ್ವರ ಭಟ್ಟರು ಅದರ ನಿರ್ದೇಶಕರಾಗಿ ಬರುವ ಮೊದಲು, ಎಂ.ಎ., ಎಂ.ಎಸ್ಸಿ. ಎಂದರೆ ನಮ್ಮವರು ಹೆಚ್ಚಾಗಿ ಘಟ್ಟ ಹತ್ತಿಯೇ ಓದಬೇಕಾಗಿತ್ತು. ಮೈಸೂರಿನ ಮಾನಸಗಂಗೋತ್ರಿಯ ಹಾಗೆ ಇದು ಮಂಗಳಗಂಗೋತ್ರಿಯಾಯಿತು. 1980ರ ಸೆಪ್ಟೆಂಬರ್ 10ರಂದು ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಮುನ್ನೂರೈವತ್ತು ಎಕರೆಗೂ ಮಿಕ್ಕಿದ ಆ ಮುರಕಲ್ಲಿನ ಗುಡ್ಡ ಇಂದು ನಿರ್ಜನವೂ ಅಲ್ಲ: ದೇರಳಕಟ್ಟೆಯಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಮುಡಿಪಿನಲ್ಲಿ ಇನ್ಫೋಸಿಸ್ ಇದೆ.

ಪ್ರವೇಶದ ಜೊತೆಗೇ ಹಾಸ್ಟೆಲ್ ಅರ್ಜಿಯನ್ನೂ ಸಲ್ಲಿಸಿ, ತಡಮಾಡಬೇಡಿ. ನಿಮಗೆ ಅರ್ಹತೆಯಿದ್ದರೆ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಕ್ಕೂ ಅರ್ಜಿ ಹಾಕಿ. ಖರ್ಚಿನ ಹೊರೆ ಬಹಳ ಇಳಿಯುತ್ತದೆ. ಪ್ರವೇಶದ ದಿನ ನೀವೂ ಮಗಳ ಜೊತೆ ಹೋಗಿ, ಕೋಣೆ, ಊಟದ ಮನೆ ನೋಡಿ, ವಾರ್ಡನ್ನರನ್ನು ಮಾತನಾಡಿಸಿ, ರಾತ್ರಿ ಎಷ್ಟು ಗಂಟೆಗೆ ಗೇಟು ಹಾಕುತ್ತಾರೆಂದು ಕೇಳಿಕೊಳ್ಳಿ. ಶಕ್ತಿ ಯೋಜನೆಯ ಬಸ್ಸನ್ನು ಅವಳು ಶನಿವಾರ ಊರಿಗೆ ಬರಲು ಬಳಸಲಿ.