ವೇಗಕ್ಕಿಂತ ಮೊದಲು ವೋಲ್ಟೇಜ್ ನೋಡಿ

ಪ್ರಶ್ನೆ: ನನ್ನ ಡೆಸ್ಕ್‌ಟಾಪ್‌ನಲ್ಲಿ ಇಂಟೆಲ್ ಕೋರ್ ಐ5-12600ಕೆ ಪ್ರೊಸೆಸರ್ ಮತ್ತು ಝಡ್690 ಚಿಪ್‌ಸೆಟ್‌ನ ಮದರ್‌ಬೋರ್ಡ್ ಇವೆ. ಎಲ್ಲ ಕೋರ್‌ಗಳೂ ದುಡಿಯುವಾಗ 4.5 ಗಿಗಾಹರ್ಟ್ಸ್ ವೇಗ ಕಾಣುತ್ತಿತ್ತು. ಇದೇ ಪ್ರೊಸೆಸರ್ ಇರುವ ಗೆಳೆಯರೊಬ್ಬರು 1.4 ವೋಲ್ಟ್ ಕೊಟ್ಟು 5.2 ಗಿಗಾಹರ್ಟ್ಸ್‌ನಲ್ಲಿ ನಡೆಸುತ್ತಿದ್ದಾರೆ. ಅವರ ಅಂಕಿಗಳನ್ನೇ ನಾನೂ ಬಯಾಸ್‌ನಲ್ಲಿ (ಕಂಪ್ಯೂಟರ್ ಆರಂಭವಾಗುವಾಗ ತೆರೆಯುವ ಸೆಟ್ಟಿಂಗ್‌ಗಳ ಪುಟ) ಹಾಕಿದೆ. ವಿಂಡೋಸ್ ತೆರೆದುಕೊಳ್ಳುತ್ತದೆ, ಆದರೆ ವಿಡಿಯೊ ಪರಿವರ್ತಿಸಲು ತೊಡಗಿದ ಹತ್ತು ನಿಮಿಷದೊಳಗೆ ಉಷ್ಣಾಂಶ 100 ಡಿಗ್ರಿ ಮುಟ್ಟಿ, ನೀಲಿ ಪರದೆ ಬಂದು ನಿಂತುಹೋಗುತ್ತದೆ. ಪ್ರೊಸೆಸರ್ ಕೆಟ್ಟಿದೆಯೇ? ಸುರಕ್ಷಿತವಾಗಿ ವೇಗ ಹೆಚ್ಚಿಸುವುದು ಹೇಗೆ?

ಉತ್ತರ: ಕೆಟ್ಟಿರುವ ಸಂಭವ ಕಡಿಮೆ. 100 ಡಿಗ್ರಿ ಸೆಲ್ಸಿಯಸ್ ಎಂಬುದು ಆ ಪ್ರೊಸೆಸರ್‌ಗೆ ತಯಾರಕರೇ ನಿಗದಿಪಡಿಸಿರುವ ಗರಿಷ್ಠ ಮಿತಿ. ಅಲ್ಲಿಗೆ ತಲುಪಿದೊಡನೆ ಅದು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಮೊದಲು ಬಯಾಸ್‌ನಲ್ಲಿ ಮೂಲ ಸೆಟ್ಟಿಂಗ್‌ಗಳಿಗೆ ಮರಳಿ, ಅದೇ ವಿಡಿಯೊ ಕೆಲಸವನ್ನು ಇನ್ನೊಮ್ಮೆ ಮಾಡಿಸಿ ನೋಡಿ. ತೊಂದರೆಯಿಲ್ಲದೆ ಮುಗಿದರೆ ಮುಂದುವರಿಯಬಹುದು.

ತಪ್ಪಾದದ್ದು ಗೆಳೆಯರ ಅಂಕಿಗಳನ್ನು ಹಾಗೆಯೇ ತಂದು ಹಾಕಿದ್ದರಲ್ಲಿ. ಒಂದೇ ಹೆಸರಿನ ಎರಡು ಪ್ರೊಸೆಸರ್‌ಗಳು ಒಳಗೆ ಒಂದೇ ಸಮ ಇರುವುದಿಲ್ಲ, ಒಂದು 1.25 ವೋಲ್ಟ್‌ನಲ್ಲಿ ನಿಭಾಯಿಸುವ ವೇಗಕ್ಕೆ ಇನ್ನೊಂದಕ್ಕೆ 1.35 ಬೇಕಾಗಬಹುದು. ಅದಕ್ಕಿಂತ ಮುಖ್ಯವಾದ ಲೆಕ್ಕವೊಂದಿದೆ. ಪ್ರೊಸೆಸರ್ ದುಡಿಯುವಾಗ ಎಳೆಯುವ ವಿದ್ಯುತ್ತು ವೇಗಕ್ಕೆ ನೇರ ಅನುಪಾತದಲ್ಲಿ ಏರಿದರೆ, ವೋಲ್ಟೇಜ್‌ನ ವಿಷಯದಲ್ಲಿ ಅದರ ವರ್ಗಕ್ಕೆ ಅನುಪಾತವಾಗಿ ಏರುತ್ತದೆ. ಮೊದಲು ಅದಕ್ಕೆ 1.2 ವೋಲ್ಟ್ ಸಿಗುತ್ತಿತ್ತೆಂದು ಇಟ್ಟುಕೊಳ್ಳಿ. 4.5ರಿಂದ 5.2ಕ್ಕೆ ಹೋದಾಗ ವೇಗ ಸುಮಾರು ಶೇ 16ರಷ್ಟು ಹೆಚ್ಚುತ್ತದೆ, ಆದರೆ 1.2 ವೋಲ್ಟ್ 1.4 ಆದದ್ದೂ ಸೇರಿದಾಗ ವಿದ್ಯುತ್ ಬಳಕೆ ಶೇ 57ರಷ್ಟು ಏರುತ್ತದೆ. ಆ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರಬೇಕು. ನಿಮ್ಮ ಕೂಲರ್‌ಗೆ ಅಷ್ಟನ್ನು ಹೊರಹಾಕುವ ಶಕ್ತಿಯಿಲ್ಲ.

ಆದ್ದರಿಂದ ಕೆಲಸವನ್ನು ಕೂಲರ್‌ನಿಂದ ಆರಂಭಿಸಿ. ಧೂಳು ತೆಗೆದು, ಥರ್ಮಲ್ ಪೇಸ್ಟ್ ಹಳೆಯದಾಗಿದ್ದರೆ ಬದಲಿಸಿ, ಮೂಲ ವೇಗದಲ್ಲೇ ಅರ್ಧ ಗಂಟೆ ಪೂರ್ಣ ಹೊರೆ ಕೊಟ್ಟು ಉಷ್ಣಾಂಶ ಬರೆದುಕೊಳ್ಳಿ. ಆಗಲೇ 90 ದಾಟುತ್ತಿದ್ದರೆ ಓವರ್‌ಕ್ಲಾಕ್ ಮಾಡಲು, ಅಂದರೆ ನಿಗದಿತ ವೇಗವನ್ನು ಮೀರಿಸಿ ಓಡಿಸಲು, ನಿಮಗೆ ಅವಕಾಶವೇ ಉಳಿದಿಲ್ಲ. ಅವಕಾಶವಿದ್ದರೆ, ರ‍್ಯಾಮ್‌ನ ಎಕ್ಸ್‌ಎಂಪಿಯನ್ನು (ಅದನ್ನು ಹೆಚ್ಚು ವೇಗದಲ್ಲಿ ಓಡಿಸುವ ಸಿದ್ಧ ಸೆಟ್ಟಿಂಗ್) ಸದ್ಯಕ್ಕೆ ಆಫ್ ಮಾಡಿ. ಅದೂ ಒಂದು ಬಗೆಯ ಓವರ್‌ಕ್ಲಾಕ್ ಆಗಿರುವುದರಿಂದ, ಎರಡನ್ನೂ ಒಟ್ಟಿಗೆ ನಡೆಸಿದರೆ ದೋಷ ಎಲ್ಲಿಯದೆಂದು ತಿಳಿಯುವುದಿಲ್ಲ. ಪ್ರೊಸೆಸರ್‌ನ ವೇಗವೆಂದರೆ ಬೇಸ್ ಕ್ಲಾಕ್ ಎಂಬ ಮೂಲ ಮಿಡಿತವನ್ನು ಮಲ್ಟಿಪ್ಲೈಯರ್‌ನಿಂದ ಗುಣಿಸಿದಾಗ ಬರುವ ಅಂಕಿ. 100 ಮೆಗಾಹರ್ಟ್ಸ್‌ನ ಬೇಸ್ ಕ್ಲಾಕ್ ಹಾಗೆಯೇ ಇರಲಿ. ಹೆಚ್ಚು ವೇಗದ ಪರ್ಫಾರ್ಮೆನ್ಸ್ ಕೋರ್‌ಗಳ ಮಲ್ಟಿಪ್ಲೈಯರ್ ಅನ್ನು 45ರಿಂದ 46ಕ್ಕೆ, ಅದು ಗಟ್ಟಿಯಾಗಿ ನಿಂತ ಮೇಲೆ 47ಕ್ಕೆ, ಹೀಗೆ ಒಂದೊಂದಾಗಿ ಏರಿಸಿ, ಪ್ರತಿ ಸಲವೂ ಪರೀಕ್ಷಿಸಿ. ತಡೆದು ನಿಲ್ಲದಿದ್ದಾಗ ಮಾತ್ರ ವೋಲ್ಟೇಜ್ ಅನ್ನು 0.01 ಅಥವಾ 0.02ರಷ್ಟು ಹೆಚ್ಚಿಸಿ. ಆ ಜಾಗದಲ್ಲಿ ‘ಆಟೊ’ ಎಂದು ಬಿಡಬೇಡಿ. ವೇಗ ಏರಿಸಿದಾಗ ಹಲವು ಮದರ್‌ಬೋರ್ಡ್‌ಗಳು ಅಗತ್ಯಕ್ಕಿಂತ ಬಹಳ ಹೆಚ್ಚು ವೋಲ್ಟೇಜ್ ಕೊಟ್ಟುಬಿಡುತ್ತವೆ. ದಿನನಿತ್ಯದ ಬಳಕೆಗೆ ನಾನಾದರೆ, ಪೂರ್ಣ ಹೊರೆಯಲ್ಲಿ 1.3 ವೋಲ್ಟ್‌ನ ಆಸುಪಾಸಿನಲ್ಲಿ ಮತ್ತು 85 ಡಿಗ್ರಿಯೊಳಗೆ ನಿಲ್ಲುತ್ತೇನೆ, ಅದಕ್ಕೆ ಸಿಗುವ ವೇಗ 4.8 ಮಾತ್ರವಾದರೂ ಸರಿ.

ವಿಂಡೋಸ್ ತೆರೆದುಕೊಂಡಿತು ಎಂಬುದು ಪರೀಕ್ಷೆಯಲ್ಲ. ನಾನೇ ಹೊಂದಿಸಿದ್ದ ಒಂದು ಕಂಪ್ಯೂಟರ್ ಎರಡು ಗಂಟೆಗಳ ಹೊರೆಯನ್ನು ತಡೆದುಕೊಂಡು ವಾರಗಟ್ಟಲೆ ಚೆನ್ನಾಗಿಯೇ ನಡೆದಿತ್ತು. ಒಂದು ದಿನ ದೊಡ್ಡದೊಂದು ಜಿಪ್ ಕಡತವನ್ನು ಬಿಡಿಸುವಾಗ ‘ಕಡತ ಹಾಳಾಗಿದೆ’ ಎಂಬ ಸಂದೇಶ ಬಂತು. ಅದೇ ಕಡತವನ್ನು ಮರುಕ್ಷಣ ಮತ್ತೆ ಬಿಡಿಸಿದಾಗ ಯಾವ ದೋಷವೂ ಇರಲಿಲ್ಲ. ವಿಂಡೋಸ್‌ನ ದೋಷ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆದು ನೋಡಿದರೆ, ಡಬ್ಲ್ಯುಎಚ್‌ಇಎ-ಲಾಗರ್ ಹೆಸರಿನಡಿ ಸರಿಪಡಿಸಲಾದ ಹಾರ್ಡ್‌ವೇರ್ ದೋಷಗಳ ಸಾಲೇ ಇತ್ತು. 100 ಮೆಗಾಹರ್ಟ್ಸ್ ಇಳಿಸಿದ ಮೇಲೆ ಆ ಸಾಲು ನಿಂತಿತು. ಅಷ್ಟು ದಿನ ಅದರಲ್ಲಿ ಉಳಿಸಿದ್ದ ಕಡತಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಬೇಕಾಯಿತು. ಹೀಗಾಗಿ ಪ್ರೈಮ್95 ಅಥವಾ ಓಸಿಸಿಟಿಯಂಥ, ಪೂರ್ಣ ಹೊರೆ ಕೊಟ್ಟು ಪರೀಕ್ಷಿಸುವ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿ, ಬೆಳಿಗ್ಗೆ ಆ ದಾಖಲೆಯನ್ನೂ ನೋಡಿ. ಈ ಕೆಲಸಕ್ಕೆ ಕೈ ಹಾಕುವ ಮುನ್ನ ಮುಖ್ಯ ಕಡತಗಳ ಪ್ರತಿಯನ್ನು ಬೇರೆ ಡಿಸ್ಕ್‌ನಲ್ಲಿ ತೆಗೆದಿಡಿ.

ಶಾಖದ ತೊಂದರೆ ಆ ಕ್ಷಣಕ್ಕೇ ಕಾಣುತ್ತದೆ, ಅತಿ ವೋಲ್ಟೇಜ್‌ನ ಹಾನಿ ಕಾಣುವುದಿಲ್ಲ. ಹೆಚ್ಚಿನ ವಿದ್ಯುತ್ ಪ್ರವಾಹ ಮತ್ತು ಬಿಸಿ ಸೇರಿದಾಗ ಒಳಗಿನ ಸೂಕ್ಷ್ಮ ಲೋಹದ ಎಳೆಗಳ ಪರಮಾಣುಗಳು ನಿಧಾನವಾಗಿ ಸ್ಥಳ ಬಿಟ್ಟು ಸರಿಯುತ್ತವೆ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಹಲವು ಪ್ರೊಸೆಸರ್‌ಗಳು, ಓವರ್‌ಕ್ಲಾಕ್ ಮಾಡದಿದ್ದರೂ ಅಸ್ಥಿರವಾದಾಗ, ಮಿತಿಮೀರಿದ ವೋಲ್ಟೇಜ್ ಅದಕ್ಕೆ ಕಾರಣವೆಂದು ಕಂಪನಿಯೇ ಹೇಳಿ, ಮೈಕ್ರೊಕೋಡ್ (ಪ್ರೊಸೆಸರ್‌ನೊಳಗಿನ ನಿಯಂತ್ರಣ ಸೂಚನೆಗಳು) ಬದಲಿಸಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಒಮ್ಮೆ ಹೀಗೆ ಹಾನಿಗೊಂಡ ಚಿಪ್ಪನ್ನು ಯಾವ ತಂತ್ರಾಂಶವೂ ಮೊದಲಿನಂತೆ ಮಾಡಲಾರದು. ಓವರ್‌ಕ್ಲಾಕ್‌ನಿಂದಾದ ಹಾನಿಗೆ ಸಾಮಾನ್ಯ ವಾರಂಟಿ ಅನ್ವಯಿಸುವುದಿಲ್ಲ ಎಂಬುದೂ ತಿಳಿದಿರಲಿ.

ಪ್ರಶ್ನೆ: ನನ್ನ ಇಂಟೆಲ್ ಪ್ರೊಸೆಸರ್‌ನ ಹೆಸರಿನ ಕೊನೆಯಲ್ಲಿ ‘ಕೆ’ ಇಲ್ಲ, ಅಂದರೆ ಮಲ್ಟಿಪ್ಲೈಯರ್ ಏರಿಸಲು ಬರುವುದಿಲ್ಲ. ಬೇಸ್ ಕ್ಲಾಕ್ ಏರಿಸಿ ವೇಗ ಪಡೆಯಬಹುದೇ?

ಉತ್ತರ: ಬೇಡ. 1998ರ ಇಂಟೆಲ್ ಪ್ರೊಸೆಸರ್ ಸೆಲೆರಾನ್ 300ಎಯಲ್ಲಿ ಬಸ್ ವೇಗವನ್ನು (ಆಗಿನ ಬೇಸ್ ಕ್ಲಾಕ್) 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿ 300ರಿಂದ 450ಕ್ಕೆ ಜಿಗಿದವರು ಬಹಳ ಮಂದಿ. ಈಗ ಹಲವು ಮದರ್‌ಬೋರ್ಡ್‌ಗಳಲ್ಲಿ ಪಿಸಿಐ ಎಕ್ಸ್‌ಪ್ರೆಸ್ (ಗ್ರಾಫಿಕ್ಸ್ ಕಾರ್ಡ್‌ನಂಥವನ್ನು ಜೋಡಿಸುವ ಸಂಪರ್ಕ) ಮತ್ತು ಡಿಸ್ಕ್‌ಗಳ ಸಂಪರ್ಕವೂ ಅದೇ ಬೇಸ್ ಕ್ಲಾಕ್‌ಗೆ ಕಟ್ಟಿಕೊಂಡಿರುವುದರಿಂದ, ಕೆಲವೇ ಮೆಗಾಹರ್ಟ್ಸ್ ಏರಿಸಿದರೂ ಡಿಸ್ಕ್‌ನಲ್ಲಿರುವ ಮಾಹಿತಿ ಕೆಡುವ ಅಪಾಯವಿದೆ. ನಿಮಗೆ ಒಳ್ಳೆಯ ಕೂಲರ್ ಹಾಕುವುದೇ ಲಾಭ. ಬಿಸಿ ಕಡಿಮೆಯಾದಷ್ಟೂ ಪ್ರೊಸೆಸರ್ ತಾನಾಗಿಯೇ ಏರಿಸಿಕೊಳ್ಳುವ ಟರ್ಬೊ ವೇಗದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ.